ಒಳಚಿಲಕದ ಸಿಂಹದ ಮನೆ

ನಾನು ಒಂದು ಮೃಗಶಾಲೆಯ ನಕ್ಷೆ ಬರೆದವನು. ಇದನ್ನು ಹೇಳಿಕೊಳ್ಳಲು ನನಗೆ ಸ್ವಲ್ಪ ಜಂಬ, ಸ್ವಲ್ಪ ನಾಚಿಕೆ. ಜಂಬ ಏಕೆಂದರೆ ಹೊಸಪೇಟೆಯ ಸೀಮೆಯಲ್ಲಿ ಅಂಥ ನಕ್ಷೆಯನ್ನು ಬೇರೆ ಯಾರೂ ಬರೆದಿಲ್ಲ. ನಾಚಿಕೆ ಏಕೆಂದರೆ, ಹದಿನಾಲ್ಕು ಪ್ರಾಣಿಗಳಿಗೆ ಹದಿನಾಲ್ಕು ಮನೆ ಗುರುತು ಮಾಡಿದ ಆ ನಕ್ಷೆ ಬರೆಯುವ ಹೊತ್ತಿಗೆ ನಾನು ಅವುಗಳಲ್ಲಿ ಆನೆ ಒಂಟೆಗಳನ್ನು ಬಿಟ್ಟರೆ ಬೇರೆ ಯಾವುದನ್ನೂ ಕಣ್ಣಾರೆ ಕಂಡಿರಲಿಲ್ಲ. ಆ ಒಂಟೆಯೂ ಊರೂರು ತಿರುಗುವ ಒಬ್ಬ ಫಕೀರನದು. ಅದು ನನ್ನ ಕೊಡೆಯ ಬಟ್ಟೆಯನ್ನು ಅರ್ಧ ತಿಂದಿದ್ದರಿಂದ ನೆನಪು ಉಳಿದಿದೆ.

ನಾನು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಉಳಿದ ಮಾಸ್ತರರು ನಮ್ಮನ್ನು ಹೇಗೆ ನೋಡುತ್ತಾರೆ ಎಂಬುದು ನಿಮಗೆ ಗೊತ್ತಿದ್ದದ್ದೇ. ಗಣಿತದ ಮಾಸ್ತರರು ರಜೆ ಹಾಕಿದ ದಿನ ಮಾತ್ರ ನಾವು ಅವರಿಗೆ ನೆನಪಾಗುತ್ತೇವೆ. ಮಡಕೆ, ಕುಂಬಳಕಾಯಿ, ಮಡಿಸಿಟ್ಟ ಕೊಡೆ. ಈ ಮೂರರ ಆಚೆಗೆ ಹೋಗಲು ಪಠ್ಯಕ್ರಮ ನನಗೆ ಅಪ್ಪಣೆ ಕೊಟ್ಟಿರಲಿಲ್ಲ. ಇಪ್ಪತ್ತು ವರ್ಷ ಮಡಕೆ ಬರೆದವನ ಬಳಿಗೆ ಒಬ್ಬರು ಬಂದು 'ಹುಲಿಗೆ ಒಂದು ಮನಿ ಬರ್ದು ಕೊಡ್ರಿ' ಎಂದು ಕೇಳಿದರೆ ಅವನ ಎದೆ ಹೇಗೆ ಹಿಗ್ಗಬೇಡ! ನಾನು ಒಪ್ಪಿಕೊಂಡೆ. ಹುಲಿ ಎಷ್ಟು ಉದ್ದ ಇರುತ್ತದೆ ಎಂಬ ಪ್ರಶ್ನೆ ಹೊಳೆದದ್ದು ಅವರು ಎದ್ದು ಹೋದ ಮೇಲೆ.

ಹಾಗೆ ಬಂದವರು ಕಂಪ್ಲಿಯ ಅಕ್ಕಿ ಗಿರಣಿಯ ಧಣಿ ಕೊಟ್ರಬಸಪ್ಪನವರು. ಹೊಳೆದಂಡೆಯಲ್ಲಿ ತಲೆಮಾರುಗಳಿಂದ ಬೇರುಬಿಟ್ಟ ಶೈವ ಮನೆತನ. ಹಣೆಯ ತುಂಬ ವಿಭೂತಿ, ಗಿರಣಿ ಧಣಿಗೆ ತಕ್ಕ ಮೈ, ಬಾಯಲ್ಲಿ ಯಾವಾಗಲೂ ಒಂದು ಹೊಸ ಯೋಜನೆ. ಗಿರಣಿಯ ಯಂತ್ರದ ಯಾವುದೋ ಭಾಗ ತರಲು ಮದ್ರಾಸಿಗೆ ಹೋದವರು, ಅದು ಸಿದ್ಧವಾಗುವ ತನಕ ಹೊತ್ತು ಕಳೆಯಲು ಅಲ್ಲಿಯ ಮೃಗಶಾಲೆಗೆ ಹೋಗಿದ್ದರಂತೆ. ಮದ್ರಾಸಿನ ಸಾಮಾನ್ಯ ಜನ ಮೃಗಶಾಲೆಯನ್ನು 'ಜೀವದ ಕಾಲೇಜು' ಅಂತಲೂ, ಹಳೆಯ ವಿಗ್ರಹಗಳನ್ನೂ ಹುಲ್ಲು ತುಂಬಿದ ಪ್ರಾಣಿಗಳನ್ನೂ ಇಟ್ಟಿರುವ ವಸ್ತುಸಂಗ್ರಹಾಲಯವನ್ನು 'ಸತ್ತ ಕಾಲೇಜು' ಅಂತಲೂ ಕರೆಯುತ್ತಾರೆಂದು ನಾನೂ ಕೇಳಿದ್ದೇನೆ. ಕೊಟ್ರಬಸಪ್ಪನವರಿಗೆ ಆ ಮಾತು ಬಹಳ ಹಿಡಿಸಿಬಿಟ್ಟಿತ್ತು.

"ನಮ್ಮ ಹಂಪಿ ಐತಲ್ರಿ ಮಾಸ್ತರ, ಅದು ಸತ್ತ ಕಾಲೇಜು. ಅದರ ಮಗ್ಗಲಾಗ ಜೀವದ ಕಾಲೇಜು ಒಂದು ಮಾಡಿಬಿಡೋಣು" ಎಂದರು. ಜಾಗವೂ ಸಿದ್ಧವಿತ್ತು. ಕಮಲಾಪುರ ದಾಟಿ ಕಂಪ್ಲಿ ಕಡೆಗೆ ಹೋಗುವ ದಾರಿಯಲ್ಲಿ ಅವರದೊಂದು ತೋಟ: ಮುಂದೆ ಕಾಲುವೆ, ನಡುವೆ ಕಬ್ಬು ಬಾಳೆ, ಹಿಂದೆ ಯಾರೋ ಆಟಕ್ಕೆ ಒಟ್ಟಿ ಮರೆತುಹೋದಂತಿರುವ ಬಂಡೆಗಳ ಗುಡ್ಡ. ಗುಡ್ಡದಲ್ಲಿ ಕರಡಿಗಳಿವೆ ಎಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಹದಿನಾಲ್ಕು ಪ್ರಾಣಿಗಳಲ್ಲಿ ಕರಡಿ ಇರಲಿಲ್ಲ. ನಾನು ಕೇಳಿದ್ದಕ್ಕೆ ಅವರು, "ಕಬ್ಬು ತಿಂದು ಓಡೋ ಕಳ್ಳಗ ಮನಿ ಬ್ಯಾರೆ ಕೇಡು ಏನ್ರಿ? ಬ್ಯಾಡ" ಎಂದುಬಿಟ್ಟರು. ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಈ ಯೋಜನೆಯ ಹಿಂದಿನ ನಿಜವಾದ ಕಾರಣ ಜೀವದ ಕಾಲೇಜೂ ಅಲ್ಲ, ಊರಿನ ಕೀರ್ತಿಯೂ ಅಲ್ಲ. ಅದು ಅವರ ತಾಯಿ ನೀಲಮ್ಮನವರು. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಅವ್ವ ಎಂಟು ಹತ್ತು ವರ್ಷದ ಹುಡುಗಿಯಾಗಿದ್ದಾಗ ಬಳ್ಳಾರಿಯ ದಂಡಿನ ಪ್ರದೇಶದ ಮೂಲಕ ಯಾರೋ ಸಂಸ್ಥಾನಿಕರ ಸಿಂಹವೊಂದು ಪಂಜರದ ಗಾಡಿಯಲ್ಲಿ ಹಾದುಹೋಯಿತಂತೆ. ಅವರ ಅಪ್ಪ ಗಂಡುಮಕ್ಕಳಿಬ್ಬರನ್ನು ಬಂಡಿಯಲ್ಲಿ ಕೂಡಿಸಿಕೊಂಡು ಹೋಗಿ ತೋರಿಸಿ ಬಂದರು. ಹೆಣ್ಣುಮಗುವಿಗೆ ಸಿಂಹ ಯಾಕೆ ಎಂದು ಇವರನ್ನು ಮನೆಯಲ್ಲೇ ಬಿಟ್ಟರು. ಅಣ್ಣಂದಿರಿಬ್ಬರೂ ಬಂದು ಆರು ತಿಂಗಳು ಮನೆಯ ತುಂಬ ಗರ್ಜಿಸಿಕೊಂಡು ಓಡಾಡಿದರು. ಅವ್ವ ದಸರೆಯಲ್ಲಿ ಪ್ರತಿ ವರ್ಷ ಸಿಂಹದ ಮೇಲೆ ಕೂತ ದೇವಿಗೆ ಆರತಿ ಎತ್ತುವಾಗಲೂ ಕಣ್ಣು ಮೊದಲು ಹೋಗುವುದು ದೇವಿಯ ಕಡೆಗಲ್ಲ, ಕೆಳಗಿನ ವಾಹನದ ಕಡೆಗೆ ಎಂದು ತಾವೇ ನನ್ನೆದುರು ಒಪ್ಪಿಕೊಂಡಿದ್ದಾರೆ.

ಈಗ ಅವ್ವನ ಕಣ್ಣು ಹೋಗುತ್ತಿತ್ತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಬಳ್ಳಾರಿಯ ವೈದ್ಯರು ನೋಡಿ, ಕಣ್ಣಿನ ನರವೇ ಸೊರಗುತ್ತಿದೆ, ನೋಟ ಸುತ್ತಲಿಂದ ಕಿರಿದಾಗುತ್ತ ಬಂದು ವರ್ಷದೊಳಗೆ ಮುಚ್ಚಿಹೋಗುತ್ತದೆ ಎಂದಿದ್ದರು. ನೇರ ಎದುರಿಗಿದ್ದದ್ದು ಕಾಣುತ್ತಿತ್ತು, ಮಗ್ಗುಲಿನದು ಕಾಣುತ್ತಿರಲಿಲ್ಲ. ಅವ್ವ ಅದಕ್ಕೆ ತಮ್ಮದೇ ಒಂದು ಅಳತೆ ಇಟ್ಟುಕೊಂಡಿದ್ದರು. ಬೆಳಿಗ್ಗೆ ಎಚ್ಚರವಾದ ಕೂಡಲೇ ತಲೆ ಹೊರಳಿಸದೆ ಮಾಳಿಗೆಯ ತೊಲೆಗಳನ್ನು ಎಣಿಸುವುದು. ನಾನು ನಕ್ಷೆಗೆ ಕೈ ಹಾಕಿದಾಗ ಏಳು ತೊಲೆ ಕಾಣುತ್ತಿದ್ದವು. "ಏಳೂ ಹೋಗೋದ್ರೊಳಗ ಒಂದು ಸಿಂಹ ತೋರ್ಸಪ್ಪ, ಸಾಕು" ಎಂದು ಮಗನಿಗೆ ಹೇಳಿದ್ದರು. ಆದ್ದರಿಂದ ನಕ್ಷೆಯಲ್ಲಿ ಒಂದನೆಯ ಮನೆ ಸಿಂಹಕ್ಕೆ. ಉಳಿದ ಹದಿಮೂರೂ 'ಮುಂದೆ ಬರತಕ್ಕ ಮೃಗಗಳು' ಎಂಬ ಪಟ್ಟಿಗೆ ಸೇರಿದವು.

ಅಳತೆಯ ಪ್ರಶ್ನೆಗೆ ನನಗೆ ಹೊಳೆದ ಉತ್ತರವನ್ನು ಹೇಳಿದರೆ ನೀವು ನಗುತ್ತೀರಿ, ನಗಿರಿ. ನಾನು ದಾರದ ಉಂಡೆ, ಬಿದಿರಿನ ಗಳ, ಪೆನ್ಸಿಲು ಹಿಡಿದುಕೊಂಡು ಹಂಪಿಗೆ ಹೋದೆ. ಅಲ್ಲಿಲ್ಲದ ಪ್ರಾಣಿ ಯಾವುದು? ಹಜಾರರಾಮನ ಗುಡಿಯ ಪೌಳಿಯ ಮೇಲೆ ಆನೆ ಕುದುರೆಗಳ ಸಾಲು, ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಒಂಟೆ, ಜಿಂಕೆ, ಬೇಟೆನಾಯಿ. ನಾಲ್ಕು ಭಾನುವಾರ ಅಳೆದೆ. ಆ ಕಲ್ಲುಕುಟಿಗರ ಕೈಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ನಮಸ್ಕಾರ ಮಾಡಿದೆನೋ! ಒಂದು ಆನೆಯ ಕಿವಿಯ ಮಡಿಕೆ, ಹಗ್ಗ ಜಗ್ಗುವ ಕುದುರೆಯ ಕುತ್ತಿಗೆಯ ನರ. ಇಪ್ಪತ್ತು ವರ್ಷ ಮಡಕೆ ಬರೆದವನಿಗೆ ಅದನ್ನು ನೋಡುತ್ತ ನಿಂತರೆ ಊಟದ ಹೊತ್ತು ಮರೆತುಹೋಗುತ್ತಿತ್ತು. ಮನೆಯಾಕೆ ಕಟ್ಟಿಕೊಟ್ಟ ರೊಟ್ಟಿಯನ್ನು ಪ್ರತಿ ಭಾನುವಾರವೂ ಅಲ್ಲಿಯ ಕೋತಿಗಳೇ ಮುಗಿಸಿದವು.

ಸಿಂಹದ ಅಳತೆಗೆ ಉಗ್ರನರಸಿಂಹನ ಬಳಿಗೆ ಹೋದೆ. ಸಿಂಹದ ಮುಖ ಅಷ್ಟು ಸ್ಪಷ್ಟವಾಗಿ ಇನ್ನೆಲ್ಲಿದೆ ಹೇಳಿ. ಕೈಕಾಲು ಮುರಿದು, ಮಂಡಿಯ ಮೇಲೆ ಹುಲ್ಲು ಬೆಳೆದು, ಆದರೂ ಆ ಗುಡ್ಡೆಗಣ್ಣು, ಆ ತೆರೆದ ಬಾಯಿ! ನಿಂತ ಹಾಗೆಯೇ ನನಗೆ ಮೈ ಜುಮ್ಮೆಂದಿತು. ಹೆದರಿಕೆಯೋ ಭಕ್ತಿಯೋ ಬಿಡಿಸಿ ಹೇಳಲಾರೆ. ಬಿದಿರಿನ ಗಳಕ್ಕೆ ದಾರ ಕಟ್ಟಿ ಎತ್ತಿ ಅಳೆದರೆ ಗಲ್ಲದಿಂದ ನೆತ್ತಿಗೆ ನನ್ನ ಎದೆಯುದ್ದ ಬಂತು. ಮುಖವೇ ಇಷ್ಟಾದರೆ ಮೈ ಎಷ್ಟು? ನಾಲ್ಕರಿಂದ ಗುಣಿಸಿದೆ. ಆ ಶಿಲ್ಪಿಯೂ ನನ್ನ ಹಾಗೆ ಸಿಂಹ ನೋಡದವನೇ ಇರಬಹುದು, ಅವನ ಗುರುವೂ ನೋಡಿರಲಿಕ್ಕಿಲ್ಲ, ತಲೆಮಾರಿನಿಂದ ತಲೆಮಾರಿಗೆ ಸಿಂಹ ಸ್ವಲ್ಪ ಸ್ವಲ್ಪ ಬೆಳೆಯುತ್ತ ಬಂದಿರಬಹುದು ಎಂಬ ವಿವೇಕ ನನಗೆ ಆಗ ಬರಲಿಲ್ಲ. ವಿವೇಕ ನನ್ನ ಬಳಿಗೆ ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆಯೇ ಬರುತ್ತದೆ.

ಇನ್ನೊಂದು ತಪ್ಪೂ ಆಯಿತು. ವಿಠ್ಠಲ ದೇವಸ್ಥಾನದ ಕಂಬಗಳನ್ನು ಅಳೆಯುವ ಭರದಲ್ಲಿ, ಆನೆಯ ಸೊಂಡಿಲು ಸಿಂಹದ ಮೈಯಿರುವ, ಕಲ್ಲಿನಲ್ಲಲ್ಲದೆ ಬೇರೆಲ್ಲೂ ಇಲ್ಲದ ಯಾಳಿಯನ್ನೂ ಅಳೆದು ಬರೆದುಕೊಂಡಿದ್ದೆ. ಅದು ನಕ್ಷೆಯಲ್ಲಿ ಹನ್ನೊಂದನೆಯ ಮನೆಯಾಗಿ ಕೂತುಬಿಟ್ಟಿತು. ಕೊಟ್ರಬಸಪ್ಪನವರು ಎಲ್ಲ ಹದಿನಾಲ್ಕನ್ನೂ ಪಟ್ಟಿ ಮಾಡಿಸಿ ಮದ್ರಾಸಿನ ಒಬ್ಬ ಪ್ರಾಣಿ ವ್ಯಾಪಾರಿಗೆ ಇಂಗ್ಲಿಷಿನಲ್ಲಿ ಕಾಗದ ಹಾಕಿಸಿದರು. ಉತ್ತರ ಬಂತು. ಸಿಂಹ ಹಡಗಿನಲ್ಲಿದೆ, ಮಳೆಗಾಲ ಮುಗಿದ ಮೇಲೆ ರೈಲಿನಲ್ಲಿ ಹೊಸಪೇಟೆಗೆ ಕಳಿಸುತ್ತೇವೆ. ಯಾಳಿ ಸದ್ಯಕ್ಕೆ ದಾಸ್ತಾನಿನಲ್ಲಿಲ್ಲ, ಬಂದ ಕೂಡಲೇ ತಿಳಿಸುತ್ತೇವೆ. ಲೋಕದಲ್ಲಿ ಹಂಪಿ ನೋಡದ ವ್ಯಾಪಾರಿಗೂ ಸಿಂಹ ನೋಡದ ಮಾಸ್ತರನಿಗೂ ನಡುವೆ ಇಂಥ ಸೌಜನ್ಯದ ಪತ್ರವ್ಯವಹಾರ ಇನ್ನೆಲ್ಲೂ ನಡೆದಿರಲಾರದು.

ಸಿಂಹದ ಮನೆ ಕಟ್ಟುವ ಕೆಲಸಕ್ಕೆ ಸಂಡೂರು ಸೀಮೆಯ ಬಂಡ್ರಿಯಿಂದ ಕಮ್ಮಾರ ಮೋನಪ್ಪ ಬಂದ. ಕಬ್ಬಿಣದ ಮಣ್ಣಿನಲ್ಲೇ ಹುಟ್ಟಿ ಬೆಳೆದವನು. ಕೈಗೆ ಸಿಕ್ಕಿದ ಕಬ್ಬಿಣವನ್ನು ಮೊದಲು ಮೂಸಿ ನೋಡುವ ಅಭ್ಯಾಸ ಅವನಿಗೆ. ಮೂರು ಕಡೆ ಕಲ್ಲಿನ ಗೋಡೆ, ಮೇಲೆ ಚಪ್ಪಡಿ, ಎದುರಿಗೆ ಹೆಬ್ಬೆರಳು ದಪ್ಪದ ಸರಳು. ನಕ್ಷೆಯನ್ನು ನೋಡಿ, "ಇದು ಸಿಂಹಕ್ಕೇನ್ರಿ, ಸಿಂಹದ ದಿಬ್ಬಣಕ್ಕೇನ್ರಿ?" ಎಂದು ಕೇಳಿದ. ಆದರೂ ನಾನು ಬರೆದದ್ದರಲ್ಲಿ ಒಂದು ಅಂಗುಲ ಹೆಚ್ಚು ಕಡಿಮೆ ಮಾಡಲಿಲ್ಲ. ಆ ನಿಷ್ಠೆಯೇ ಮುಳುವಾಯಿತು. ಎಲ್ಲ ಮುಗಿದು ನೋಡಿದರೆ ಬಾಗಿಲಿನ ಚಿಲಕ ಒಳಗಡೆ ಇತ್ತು. ಕೈ ಹೊರಗಿನಿಂದ ತೂರದ ಹಾಗೆ ಅದರ ಸುತ್ತ ತಗಡಿನ ಹೊದಿಕೆ ಬೇರೆ ಹಾಕಿದ್ದ.

ನಾನು ಹಣೆ ಬಡಿದುಕೊಂಡೆ. ಅವನು ನಕ್ಷೆಯನ್ನು ಬಿಚ್ಚಿ ಬೆರಳಿಟ್ಟು ತೋರಿಸಿದ. ಇಷ್ಟು ವರ್ಷ ಮಕ್ಕಳಿಗೆ ಮನೆಯ ನಕ್ಷೆ ಕಲಿಸಿದ ರೂಢಿಯಲ್ಲಿ ನಾನೇ ಚಿಲಕವನ್ನು ಒಳಗೆ ಬರೆದಿದ್ದೆ. "ಮ್ಯಾಲೆ ನೀವ ಬರದೀರಿ ನೋಡ್ರಿ, ಸಿಂಹದ ಮನಿ ಅಂತ. ಮನಿ ಅಂದಮ್ಯಾಲೆ ಚಿಲಕ ಒಳಗ ಇರ್ತೈತಿ. ಹೊರಗ ಇರೋದು ಜೇಲಿಗೆ" ಎಂದ ಮೋನಪ್ಪ. ಸುದ್ದಿ ಹೊಸಪೇಟೆಯ ಶಾಲೆಗೆ ನನಗಿಂತ ಮೊದಲು ತಲುಪಿತು. ಗಣಿತದ ಮಾಸ್ತರರು ಎಲ್ಲರ ಮುಂದೆ, "ಸಿಂಹ ಒಳಗಿಂದ ಚಿಲಕ ಹಾಕ್ಕೊಂಡು ಮಲ್ಕೊಂಡ್ರ ಎಬ್ಸೋರು ಯಾರ್ರಿ?" ಎಂದು ಕೇಳಿದರು. ಮೋನಪ್ಪನಿಗೆ ಊರಿನಲ್ಲಿ ಬಿತ್ತನೆ ಕಾಲದ ಕೆಲಸ ಇದ್ದುದರಿಂದ, ಸಿಂಹ ಬರುವುದರೊಳಗೆ ಬಂದು ಚಿಲಕ ಬದಲಿಸುತ್ತೇನೆಂದು ಹೇಳಿ ಹೋದ.

ಸಿಂಹವೇನೋ ಅವಸರ ಮಾಡಲಿಲ್ಲ. ಮಳೆಗಾಲ ಕಳೆಯಿತು. ಎರಡನೆಯ ಕಾಗದ: ಸಿಂಹ ಮದ್ರಾಸಿಗೆ ಬಂದಿದೆ, ಆದರೆ ತಿನ್ನುವುದನ್ನು ಬಿಟ್ಟಿದೆ, ಚೇತರಿಸಿಕೊಳ್ಳಲಿ. ಅವ್ವನಿಗೆ ಆಗ ನಾಲ್ಕು ತೊಲೆ. ದೀಪಾವಳಿಗೆ ಮೂರು. ಕೊಟ್ರಬಸಪ್ಪನವರು ಗಿರಣಿಯ ಗದ್ದಲದ ನಡುವೆಯೂ ಟಪಾಲಿನವನ ದಾರಿ ನೋಡುತ್ತಿದ್ದರು. ಅವರು ನನ್ನೊಡನೆ ಹುಲಿ ಒಂಟೆಗಳ ಮಾತು ಆಡುವುದನ್ನೇ ಬಿಟ್ಟರು. ಕೇಳಿದರೆ, "ಅವು ಬರ್ಲಿ ಬಿಡ್ಲಿ ಮಾಸ್ತರ, ಒಂದು ಬಂದ್ರ ಸಾಕು" ಎನ್ನುತ್ತಿದ್ದರು. ನಕ್ಷೆಯ ಗುಣವೇ ಬೇರೆ ನೋಡಿ. ಅದರಲ್ಲಿ ಯಾವ ಪ್ರಾಣಿಯೂ ತಿನ್ನುವುದನ್ನು ಬಿಡುವುದಿಲ್ಲ, ಯಾರ ಕಣ್ಣೂ ಹೋಗುವುದಿಲ್ಲ. ನಾನು ಆ ತಿಂಗಳುಗಳಲ್ಲಿ ನಕ್ಷೆಗೆ ಬಣ್ಣ ತುಂಬುತ್ತ ಕೂತಿದ್ದೆ. ಬೇರೆ ಏನು ಮಾಡಲು ನನ್ನಿಂದ ಆಗುತ್ತಿತ್ತು?

ಶಿವರಾತ್ರಿಗೆ ಒಂದು ವಾರ ಮುಂಚೆ ಮೂರನೆಯ ಕಾಗದ ಬಂತು. ಸಿಂಹವನ್ನು ಯಾರೋ ಸಂಸ್ಥಾನಿಕರು ಕೊಂಡೊಯ್ದಿದ್ದಾರೆ. ಮುಂದಿನ ಹಡಗಿಗೆ ಇನ್ನೊಂದು ತರಿಸಿಕೊಡುತ್ತೇವೆ. ಮಗನಿಗೆ ಅದನ್ನು ಅವ್ವನ ಮುಂದೆ ಹೇಳುವ ಧೈರ್ಯವಾಗಲಿಲ್ಲ. ಹೇಳುವುದು ಬೇಕಾಗಲೂ ಇಲ್ಲ. ಮಗನ ಧ್ವನಿ ಅವ್ವನಿಗೆ ಕಣ್ಣಿಗಿಂತ ಚೆನ್ನಾಗಿ ಕಾಣುತ್ತಿತ್ತು. "ಒಂದ ತೊಲಿ ಉಳದೈತಿ ಕೊಟ್ರ. ಸಿಂಹ ಇಲ್ದಿದ್ರ ಬ್ಯಾಡ. ಅದರ ಮನಿನಾದ್ರೂ ತೋರ್ಸಿ ಕರ್ಕೊಂಡು ಬಾ" ಎಂದರಂತೆ.

ಮರುದಿನ ಕಮಾನುಬಂಡಿಯಲ್ಲಿ ತಾಯಿ ಮಗ ಕಂಪ್ಲಿಯಿಂದ ತೋಟಕ್ಕೆ ಬಂದರು. ನಾನು ಹೊಸಪೇಟೆಯಿಂದ ಸೈಕಲ್ಲಿನಲ್ಲಿ ಹೋದೆ. ಮೋನಪ್ಪನೂ ಅಂದೇ ಮಾತಿನ ಪ್ರಕಾರ ಚಿಲಕ ಬದಲಿಸಲು ಬಂದಿದ್ದ. ಸಿಂಹ ಬರುವುದಿಲ್ಲವೆಂಬ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಬಂಡಿಯವನು ಎತ್ತುಗಳಿಗೆ ನೀರು ಕುಡಿಸಲು ಕಾಲುವೆಗೆ ಹೋದ. ಕಬ್ಬಿನ ಆಚೆ ಆಲೆಮನೆಯ ಹೊಗೆ. ಅಲ್ಲಿಂದ ಆಗಷ್ಟೇ ಅಚ್ಚಿಗೆ ಹಾಕಿದ ಬೆಲ್ಲವನ್ನು ಒಂದು ಬುಟ್ಟಿ ಅವ್ವನಿಗೆಂದು ಕಳಿಸಿದ್ದರು. ಅದನ್ನು ಹತ್ತು ಹೆಜ್ಜೆ ಆಚೆ ಒಂದು ಕಲ್ಲಿನ ಮೇಲೆ ಇಟ್ಟಿದ್ದೆವು. ಹೊತ್ತು ಗುಡ್ಡದ ಹಿಂದಕ್ಕೆ ಇಳಿಯುತ್ತಿತ್ತು. ಅವ್ವ ಒಂದೊಂದೇ ಸರಳನ್ನು ಕೈಯಿಂದ ಸವರುತ್ತ, "ಗಟ್ಟಿ ಐತಿ, ಭಾಳ ಗಟ್ಟಿ ಐತಿ" ಎನ್ನುತ್ತ ನಡೆದರು. ಇಲ್ಲದ ಸಿಂಹದ ಮನೆಯನ್ನು ಅಷ್ಟು ಅಕ್ಕರೆಯಿಂದ ನೋಡುತ್ತಿದ್ದರು ಆ ಮುದುಕಿ. ಮೋನಪ್ಪ ಬಾಗಿಲ ಬಳಿ ಕೂತು ಚಿಲಕದ ನಾಲ್ಕು ಮೊಳೆಗಳಲ್ಲಿ ಒಂದನ್ನು ಕಿತ್ತಿದ್ದ.

ಎರಡನೆಯ ಮೊಳೆಗೆ ಉಳಿ ಇಟ್ಟವನ ಕೈ ಹಾಗೇ ನಿಂತಿತು. ಅವನು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಗುಡ್ಡದ ಕರಿಬಂಡೆಗಳಲ್ಲಿ ಒಂದು ಕೆಳಗೆ ಇಳಿದು ಬರುತ್ತಿತ್ತು.

ಕರಡಿ. ಬೆನ್ನ ಮೇಲೆ ಎರಡು ಮರಿ. ಮರಿಯಿರುವ ಕರಡಿಯ ಎದುರು ನಿಂತವನ ಮುಖ ಮುಖವಾಗಿ ಉಳಿಯುವುದಿಲ್ಲ ಎಂದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಆಲೆಮನೆ ದೂರ, ಬಂಡಿ ಇಲ್ಲ, ಅವ್ವ ಓಡಲಾರರು. ಇದ್ದದ್ದು ಒಂದೇ ಬಾಗಿಲು. ಕೊಟ್ರಬಸಪ್ಪನವರು ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ನುಗ್ಗಿದರು. ಸತ್ಯ ಹೇಳಬೇಕೆಂದರೆ ಅವರಿಗಿಂತ ಮೊದಲು ನಾನು ಒಳಗಿದ್ದೆ; ನಕ್ಷೆ ಬರೆದವನಿಗೆ ದಾರಿ ಚೆನ್ನಾಗಿ ಗೊತ್ತಿರುತ್ತದಲ್ಲ. ಕೊನೆಗೆ ಬಂದ ಮೋನಪ್ಪ ಬಾಗಿಲು ಎಳೆದು, ಇಡೀ ಹೊಸಪೇಟೆ ನಕ್ಕಿದ್ದ ಆ ಒಳಚಿಲಕವನ್ನು ಜಡಿದ. ಕಿತ್ತ ಮೊಳೆಯ ಜಾಗವನ್ನು ಅಂಗೈಯಲ್ಲಿ ಒತ್ತಿ ಹಿಡಿದು ನಿಂತ. ನಾಲ್ವರಿಗೂ ಕಾಲು ಚಾಚಿ ಮಲಗುವಷ್ಟು ಜಾಗವಿತ್ತು; ನರಸಿಂಹನ ಅಳತೆ ವ್ಯರ್ಥವಾಗಲಿಲ್ಲ.

ಕರಡಿ ನೇರ ಬೆಲ್ಲದ ಬುಟ್ಟಿಗೆ ಹೋಯಿತು. ಬುಟ್ಟಿಯನ್ನು ಉರುಳಿಸಿ ತಿನ್ನತೊಡಗಿತು. ಮರಿಗಳು ಬೆನ್ನಿನ ರೋಮದಲ್ಲಿ ಬೆರಳು ಹೂತು ಇಣುಕುತ್ತಿದ್ದವು. ಅವ್ವ ಕೇಳುತ್ತಲೇ ಇದ್ದರು: "ಏನೋ ಅದು? ಎಲ್ಲೈತೋ? ನನಗ ಕಾಣವಲ್ದು." ಮಗ ಹಿಂದೆ ನಿಂತು ಎರಡೂ ಅಂಗೈಯಲ್ಲಿ ತಾಯಿಯ ತಲೆ ಹಿಡಿದು ಮೆಲ್ಲಗೆ ತಿರುಗಿಸಿದರು. "ಅಲ್ಲಿ ನೋಡವ್ವ, ಕಲ್ಲಿನ ಮಗ್ಗಲಾಗ." ಅಷ್ಟರಲ್ಲಿ ಕರಡಿ ಕಲ್ಲಿನ ಹಿಂದೆ ಸರಿಯಿತು. ಮತ್ತೆ ತಿರುಗಿಸಿದರು, ಅದು ಮತ್ತೆ ಸರಿಯಿತು. ಆ ದೊಡ್ಡ ಮೈಯ ಧಣಿ ಅಳುತ್ತಿದ್ದುದನ್ನು ನಾನು ನೋಡಿದೆ. ಇಡೀ ವರ್ಷ ಕಾದು, ಕೊನೆಗೆ ಒಂದು ಜೀವ ಬಂದು ಎದುರಿಗೆ ಓಡಾಡುತ್ತಿದೆ, ಆದರೆ ತಾಯಿಗೆ ಉಳಿದ ಆ ಕಿಂಡಿಯೊಳಗೆ ಮಾತ್ರ ಬರುತ್ತಿಲ್ಲ.

ಆಮೇಲೆ ಕರಡಿ ತಲೆಯೆತ್ತಿ ಗಾಳಿ ಮೂಸಿತು. ನಮ್ಮ ಕಡೆ ಬಂತು. ನಾನು ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡೆ, ಮುಚ್ಚಲು ಆಗಲಿಲ್ಲ. ಸರಳಿನ ಬಳಿಗೆ ಬಂದು, ಎರಡು ಕಾಲಿನ ಮೇಲೆ ಎದ್ದು, ನೇಗಿಲ ಕುಳದಂಥ ಉಗುರುಗಳಿಂದ ಸರಳು ಹಿಡಿದು ನಿಂತಿತು. ಅವ್ವನ ನೇರ ಎದುರಿಗೆ, ಒಂದು ಮೊಳ ದೂರದಲ್ಲಿ. ಅದರ ಉಸಿರಿನ ಬಿಸಿ ನನಗೂ ತಾಗಿತು. ಬೆಲ್ಲದ ವಾಸನೆ, ಹಸಿಮಣ್ಣಿನ ವಾಸನೆ. ನಾನು ಹಂಪಿಯಲ್ಲಿ ನಾಲ್ಕು ಭಾನುವಾರ ನೋಡಿದ ಕಲ್ಲಿನ ಪ್ರಾಣಿಗಳೆಲ್ಲ ಆ ಒಂದು ಉಸಿರಿನ ಮುಂದೆ ಸುಮ್ಮನಾದವು. ಇಷ್ಟು ದೊಡ್ಡದೊಂದು ಜೀವ ನಮ್ಮ ಕಬ್ಬಿನ ಪಕ್ಕದಲ್ಲೇ ಮರಿ ಹೊತ್ತು ಬದುಕುತ್ತಿತ್ತಲ್ಲ, ನಾನು ಅದಕ್ಕೆ ಹದಿನಾಲ್ಕರಲ್ಲಿ ಒಂದು ಮನೆಯೂ ಕೊಡಲಿಲ್ಲವಲ್ಲ ಎನ್ನಿಸಿತು. ಸಣ್ಣವನಾದೆ ಎಂಬ ನಾಚಿಕೆಯಲ್ಲ. ಸಣ್ಣವನಾಗಿದ್ದೇ ಚೆನ್ನಾಗಿದೆ ಎಂಬಂಥ ಒಂದು ಬೆರಗು.

ಅವ್ವ ಹಿಂದೆ ಸರಿಯಲಿಲ್ಲ. ಮಗ ಸೆರಗು ಹಿಡಿದು ಎಳೆದರೂ ಅಲುಗಲಿಲ್ಲ. ಕರಡಿಯ ಎದೆಯ ಮೇಲೆ ಅಡ್ಡಲಾಗಿ ಬೆಳ್ಳಗಿನ ಪಟ್ಟೆಯಿತ್ತು. ಅವ್ವ ಅದನ್ನೇ ನೋಡುತ್ತ, ಗುಡಿಯಲ್ಲಿ ಮಾತಾಡುವ ಧ್ವನಿಯಲ್ಲಿ, "ಇಭೂತಿ ಧರಿಸೈತಲ್ಲೋ ಕೊಟ್ರ!" ಎಂದರು. ಕೈ ಮುಗಿದರು. ಕರಡಿ ತಲೆಯನ್ನು ಓರೆ ಮಾಡಿ ಅವರನ್ನು ನೋಡಿತು. ಬೆನ್ನ ಮೇಲಿನ ಮರಿಯೊಂದು ತಾಯಿಯ ಹೆಗಲಿನಿಂದ ಇಣುಕಿ ತಾನೂ ನೋಡಿತು. ಎಷ್ಟು ಹೊತ್ತೋ ನಾನರಿಯೆ. ಆಮೇಲೆ ಅದು ಕೈ ಬಿಟ್ಟು, ನಾಲ್ಕು ಕಾಲಿಗೆ ಇಳಿದು, ತನ್ನ ಮನೆಯ ಕೆಲಸ ನೆನಪಾದ ಹೆಂಗಸಿನ ಹಾಗೆ ತಿರುಗಿಯೂ ನೋಡದೆ ಬಂಡೆ ಹತ್ತಿ ಹೋಯಿತು.

ನಾವು ಯಾರೂ ಚಿಲಕ ತೆಗೆಯಲಿಲ್ಲ. ಬಂಡಿಯವನು ಬಂದು, ಧಣಿಗಳೂ ಅವ್ವನೂ ಮಾಸ್ತರರೂ ಸಿಂಹದ ಮನೆಯಲ್ಲಿ ಸಾಲಾಗಿ ಕೂತಿರುವುದನ್ನು ಕಂಡು, ಕೇಳಬೇಕೋ ಬೇಡವೋ ತಿಳಿಯದೆ ನಿಂತ. ಮೋನಪ್ಪ ಅಂಗೈ ತೆಗೆದಾಗ ಮೊಳೆಯ ತೂತು ಅದರ ಮೇಲೆ ಮುದ್ರೆಯಂತೆ ಒತ್ತಿತ್ತು. "ಧಣಿ, ಚಿಲಕ ಹೊರಗ ಹಾಕ್ಲೇನ್ರಿ?" ಎಂದು ಕೇಳಿದ. ಉತ್ತರ ಕೊಟ್ಟವರು ಅವ್ವ: "ಎಲ್ಲೈತೋ ಅಲ್ಲೇ ಇರ್ಲಿ. ಕಿತ್ತ ಮೊಳಿ ಹೊಡಿ."

ಮೃಗಶಾಲೆಯ ಯೋಜನೆ ಅಲ್ಲಿಂದ ಬೇರೆಯಾಯಿತು. ಕೊಟ್ರಬಸಪ್ಪನವರು ಮದ್ರಾಸಿಗೆ ಕಾಗದ ಹಾಕಿಸಿ, ಸಿಂಹ ಬೇಡ, ಉಳಿದವೂ ಬೇಡ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿರಿ ಎಂದು ತಿಳಿಸಿದರು. ಯಾಳಿಯ ವಿಷಯ ಬರೆಯುವುದನ್ನು ಮರೆತೆವು. ಆ ವ್ಯಾಪಾರಿ ಇನ್ನೂ ಹುಡುಕುತ್ತಿದ್ದಾನೋ ಏನೋ. ಸಿಂಹದ ಮನೆಯೊಳಗೆ ಒಂದು ಕಲ್ಲಿನ ಕಟ್ಟೆ ಕಟ್ಟಿಸಿದೆವು. ಸಂಜೆಯಾಗುವ ಮುಂಚೆ ಎದುರಿನ ಬಂಡೆಯ ಮೇಲೆ ಬೆಲ್ಲ ಸವರಿ ಇಡುವುದು, ಐದಾರು ಜನ ಒಳಗೆ ಹೋಗಿ ಚಿಲಕ ಹಾಕಿಕೊಂಡು ಕೂರುವುದು, ಬಂದದ್ದನ್ನು ನೋಡುವುದು. ಕೆಲವು ದಿನ ಕರಡಿ, ಕೆಲವು ದಿನ ನವಿಲು, ಹಲವು ದಿನ ಏನೂ ಇಲ್ಲ. ಗಣಿತದ ಮಾಸ್ತರರೂ ಒಂದು ಸಲ ಬಂದು ಕೂತರು. ಕರಡಿ ಬಂದಾಗ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಮೂರು ಸಲ ಮುಟ್ಟಿ ನೋಡಿದವರು ಅವರೇ.

ಅವ್ವನ ಕೊನೆಯ ತೊಲೆ ಯುಗಾದಿಯ ಹೊತ್ತಿಗೆ ಹೋಯಿತು. ಅವರು ಅದನ್ನು ಯಾರಿಗೂ ಹೇಳಲಿಲ್ಲ. ಬೇವುಬೆಲ್ಲ ಕೊಡಲು ಬಂದ ಸೊಸೆಯ ಕೈಯನ್ನು ತಡಕಿದಾಗ ಎಲ್ಲರಿಗೂ ತಿಳಿಯಿತು. ಆ ಹಬ್ಬಕ್ಕೆ ನಾನೂ ಕಂಪ್ಲಿಗೆ ಹೋಗಿದ್ದೆ. ಸುದ್ದಿ ಕೇಳಿ ನೆರೆಹೊರೆಯ ಹೆಂಗಸರು ಬಂದು ಕೂತಿದ್ದರು. ಅವರಲ್ಲೊಬ್ಬಾಕೆ ಮರುಕದಿಂದ, "ಪಾಪ, ಸಿಂಹ ನೋಡೋದೊಂದು ಹಂಗ ಉಳೀತಲ್ರಿ ಅವ್ವಾರ" ಎಂದಳು.

ಅವ್ವ ಗೋಡೆಗೆ ಒರಗಿ ಕೂತಿದ್ದರು. ಬಾಯಲ್ಲಿ ಇನ್ನೂ ಬೇವುಬೆಲ್ಲವಿತ್ತು. ನುಂಗಿ, ಬಾಯಿ ಒರೆಸಿಕೊಂಡು ಹೇಳಿದರು:

"ನಮ್ಮ ಅಣ್ಣಗೋಳು ಬಂಡಿ ಕಟ್ಟಿಕೊಂಡು ಹೋಗಿ ಸಿಂಹ ನೋಡಿ ಬಂದ್ರವ್ವಾ. ನನ್ನ ನೋಡಾಕ ಕರಡಿ ಮಕ್ಕಳ್ನ ಹೊತ್ಕೊಂಡು ಗುಡ್ಡ ಇಳದು ಬಂತು."